ಐದು ಗಂಟೆಯ ಗುಳಿಗೆ

ದುಮ್ಮವಾಡದ ದುರಗವ್ವ ತನ್ನ ಮನೆಯ ಹಿತ್ತಲಿನಲ್ಲಿ ಬಿದ್ದದ್ದು ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಆರೂಕಾಲರ ಸುಮಾರಿಗೆ. ಬಟ್ಟೆ ಒಗೆಯುವ ಕಲ್ಲಿನ ಅಂಚು ಹಣೆಗೆ ತಾಗಿತು. ಕಲಘಟಗಿಯ ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಮೂಳೆ ಮುರಿದಿರಲಿಲ್ಲ. ಅವಳಿಗೆ ಅರವತ್ಮೂರು ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಾಗಿ ಎರಡು ವರ್ಷ ತುಂಬುತ್ತ ಬಂದಿತ್ತು. ಬೀಳುವುದಕ್ಕೆ ಹನ್ನೊಂದು ದಿನ ಮೊದಲು ಅವಳ ಬೆಳಗಿನ ಗುಳಿಗೆಯನ್ನು ಒಂದೂವರೆಯಿಂದ ಒಂದಕ್ಕೆ ಇಳಿಸಲಾಗಿತ್ತು.

ಈ ಕೊನೆಯ ಸಂಗತಿ ಇರಮ್‌ಳನ್ನು ಕೊರೆಯುತ್ತಿತ್ತು. ಇರಮ್ ಊರಿನ ಆರೋಗ್ಯ ಉಪಕೇಂದ್ರದ ಅಧಿಕಾರಿ. ಅಣ್ಣಿಗೇರಿಯವಳು, ನರ್ಸಿಂಗ್ ಓದಿದವಳು, ಇಪ್ಪತ್ತೇಳು ವರ್ಷ. ಮೂರು ಹಳ್ಳಿಗಳ ಬಿಪಿ, ಶುಗರ್, ಬಾಣಂತಿ, ಲಸಿಕೆ ಎಲ್ಲವೂ ಅವಳ ಕೈಯಲ್ಲಿ. ಅದರ ಜತೆಗೆ ಕಳೆದ ವರ್ಷದಿಂದ ಪಾರ್ಕಿನ್ಸನ್ ರೋಗಿಗಳ ಕೆಲಸವೂ ಬಂದಿತ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆ ನಡೆಸುತ್ತಿದ್ದ ಯೋಜನೆ ಅದು. ನರರೋಗ ತಜ್ಞೆ ಡಾ. ಅನ್ನಪೂರ್ಣಾ ಶುಕ್ರವಾರ ಹನ್ನೊಂದರಿಂದ ಒಂದರವರೆಗೆ ವಿಡಿಯೊದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಉಳಿದ ದಿನಗಳಲ್ಲಿ ರೋಗಿ ಹೇಗಿರುತ್ತಾನೆ ಎಂದು ತಿಳಿಯಲು ಒಂದು ವಾಚು.

ಅದನ್ನು ವಾಚು ಎನ್ನುತ್ತಿದ್ದರೂ ಅದರಲ್ಲಿ ಗಂಟೆ ಕಾಣುತ್ತಿರಲಿಲ್ಲ. ರಬ್ಬರ್ ಪಟ್ಟಿಗೆ ಅಂಟಿಸಿದ ಕಪ್ಪು ಚೌಕ, ಅಷ್ಟೆ. ಕೈ ಎಷ್ಟು ನಡುಗಿತು, ಎಷ್ಟು ನಿಧಾನವಾಯಿತು, ಎಷ್ಟು ಬೇಡದ ಚಲನೆ ಮಾಡಿತು ಎಂದು ಎರಡೆರಡು ನಿಮಿಷಕ್ಕೆ ಅದು ಬರೆದುಕೊಳ್ಳುತ್ತಿತ್ತು. ಇಡೀ ತಾಲ್ಲೂಕಿಗೆ ಅಂಥವು ನಾಲ್ಕು ಇದ್ದವು. ಒಬ್ಬ ರೋಗಿಗೆ ಏಳು ದಿನ ಕಟ್ಟಿ, ಬಿಚ್ಚಿ, ಉಪಕೇಂದ್ರದಲ್ಲಿ ನೆಟ್‌ವರ್ಕ್ ಸಿಕ್ಕ ಹೊತ್ತಿನಲ್ಲಿ ಫೋನಿನಿಂದ ಹುಬ್ಬಳ್ಳಿಗೆ ಕಳಿಸಿ, ಸ್ಪಿರಿಟ್‌ನಿಂದ ಒರೆಸಿ ಮುಂದಿನವರಿಗೆ ಕೊಡಬೇಕು.

ದುರಗವ್ವನ ಸರದಿ ನವೆಂಬರ್ ಹದಿನೆಂಟಕ್ಕೆ ಬಂದಿತ್ತು. ಅವಳು ಕಲಘಟಗಿಯ ಖಾನಾವಳಿಯೊಂದಕ್ಕೆ ದಿನಾ ನೂರಿಪ್ಪತ್ತು ಜೋಳದ ರೊಟ್ಟಿ ಕಳಿಸುತ್ತಿದ್ದಳು. ಎಂಟೂವರೆಯ ಬಸ್ಸಿಗೆ ಬಟ್ಟೆ ಸುತ್ತಿದ ಬುಟ್ಟಿ ಹೋಗುತ್ತಿತ್ತು, ಸಂಜೆಯ ಬಸ್ಸಿಗೆ ಖಾಲಿ ಬುಟ್ಟಿ ಬರುತ್ತಿತ್ತು. ಸೋಮವಾರ ಖಾನಾವಳಿಗೆ ರಜೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿತ್ತು. ಹುಬ್ಬಳ್ಳಿಗೆ ಮೊದಲ ಸಲ ತಪಾಸಣೆಗೆ ಹೋದಾಗ ಅವಳು ಈ ಮಾತು ಹೇಳಿದ್ದಳು. ಡಾ. ಅನ್ನಪೂರ್ಣಾ ಅದನ್ನು ಕಡತದಲ್ಲಿ ಬರೆದುಕೊಂಡಿದ್ದರು. ವಾಚು ಕಟ್ಟುವ ಮುನ್ನ ಇರಮ್‌ಗೆ ಅವರು ಕೊಟ್ಟ ಸೂಚನೆಯೂ ಅದೇ ಆಗಿತ್ತು: ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕೈ ಹೇಗಿರುತ್ತದೆ ಎಂಬುದು ಮುಖ್ಯ, ಆಗ ಮಾತ್ರ ವಾಚು ಬಿಚ್ಚಬಾರದು.

ಇರಮ್ ಅದನ್ನು ಮನೆಯವರೆಲ್ಲರ ಎದುರು ಮೂರು ಸಲ ಹೇಳಿದ್ದಳು. ಹಿಟ್ಟು ಮೆತ್ತಿದರೂ ಚಿಂತೆಯಿಲ್ಲ, ನೀರು ಬಿದ್ದರೂ ಕೆಡುವುದಿಲ್ಲ. ದುರಗವ್ವನ ಗಂಡ ಭರಮಪ್ಪ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ್ದ.

"ಟೈಮ್ ತೋರಸಂಗಿಲ್ಲ, ಅಲಾರಾಮ್ ಹೊಡಿಯಂಗಿಲ್ಲ. ಇಂಥಾ ವಾಚು ನಮ್ಮ ಮಾವ ಮದಿವ್ಯಾಗ ಕೊಟ್ಟಿದ್ರು ನನಗ," ಎಂದಿದ್ದ.

"ನಿಮಗ ಕೊಟ್ಟಿದ್ದ ಹೆಚ್ಚಾತು," ಎಂದಿದ್ದಳು ದುರಗವ್ವ. ಕಾಯಿಲೆಯಿಂದ ಅವಳ ದನಿ ಇಳಿದಿತ್ತು. ಹತ್ತಿರ ಇದ್ದವರಿಗೆ ಮಾತ್ರ ಕೇಳಿಸಿತು.

ಏಳು ದಿನದ ದಾಖಲೆ ನವೆಂಬರ್ ಇಪ್ಪತ್ತೆಂಟರ ಶುಕ್ರವಾರ ಡಾಕ್ಟರ ಎದುರಿಗಿತ್ತು. ಅದರ ಪ್ರಕಾರ ದುರಗವ್ವನ ಬಲಗೈ ಬೆಳಿಗ್ಗೆ ಐದೂನಲವತ್ತರಿಂದ ಎಂಟರವರೆಗೆ ಮಿತಿಮೀರಿ ಆಡುತ್ತಿತ್ತು. ಗುಳಿಗೆ ಹೆಚ್ಚಾದಾಗ ಕೈಕಾಲು ತಾನಾಗಿ ಕುಣಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಐದಕ್ಕೆ ನುಂಗುವ ಗುಳಿಗೆ ಐದೂನಲವತ್ತಕ್ಕೆ ಕೆಲಸ ಶುರು ಮಾಡುವುದೂ ಲೆಕ್ಕಕ್ಕೆ ಸರಿಯಾಗಿತ್ತು. ವಿಡಿಯೊದಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ, ದುರಗವ್ವ ಹೆಬ್ಬೆರಳಿಗೆ ತೋರುಬೆರಳು ತಟ್ಟಿ ತೋರಿಸಿದಳು, ಎದ್ದು ನಾಲ್ಕು ಹೆಜ್ಜೆ ನಡೆದಳು. ಚೆನ್ನಾಗಿಯೇ ಇದ್ದಳು. ಡಾಕ್ಟರು ಬೆಳಗಿನ ಗುಳಿಗೆಯಲ್ಲಿ ಅರ್ಧ ಇಳಿಸಿದರು.

ಈಗ ಮಂಗಳವಾರ ಸಂಜೆ ಉಪಕೇಂದ್ರದಲ್ಲಿ ಕೂತು ಇರಮ್ ಅದೇ ದಾಖಲೆಯನ್ನು ಮತ್ತೆ ತೆರೆದಳು. ಆರು ಬೆಳಗು ಬೇಡದ ಚಲನೆಯ ಗೆರೆ ಎತ್ತರಕ್ಕೆ ಹೋಗಿತ್ತು. ಉಳಿದ ಒಂದು ಬೆಳಗು ಸೋಮವಾರದ್ದು. ಅವತ್ತು ಎಂಟು ಗಂಟೆಯವರೆಗೆ ಗೆರೆ ನೆಲಕ್ಕೆ ಅಂಟಿತ್ತು. ಆ ದಿನವೂ ಗುಳಿಗೆ ನುಂಗಿದ್ದು ಐದಕ್ಕೇ ಎಂದು ದಾಖಲೆಯ ಜತೆ ತಾನು ತುಂಬಿ ಕಳಿಸಿದ್ದ ಹಾಳೆಯಲ್ಲಿತ್ತು. ರಜೆಯ ದಿನ ಮಲಗಿರಬಹುದು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಗುಳಿಗೆಗೆ ಖಾನಾವಳಿಯ ರಜೆ ಗೊತ್ತಿರುವುದಿಲ್ಲ. ಅದು ಕೈಯನ್ನು ಕುಣಿಸುವುದಿದ್ದರೆ ಸೋಮವಾರವೂ ಕುಣಿಸಬೇಕಿತ್ತು.

ಹಾಳೆಯ ಕೆಳಗೆ ಇನ್ನೊಂದು ಕಾಲಂ ಇತ್ತು. ಏಳು ದಿನಗಳಲ್ಲಿ ಒಂದು ದಿನವಾದರೂ ಆರೋಗ್ಯ ಸಿಬ್ಬಂದಿ ಬೆಳಗಿನ ಗುಳಿಗೆಯ ಹೊತ್ತಿಗೆ ರೋಗಿಯ ಮನೆಯಲ್ಲಿರಬೇಕು. ಅದಕ್ಕೆ ಇರಮ್ ಸರಿ ಗುರುತು ಹಾಕಿದ್ದಳು. ಅವಳು ಹೋಗಿದ್ದಳು, ನಿಜ. ಲಸಿಕೆಯ ದಿನದ ಗಡಿಬಿಡಿಯಲ್ಲಿ ಒಂಬತ್ತೂವರೆಗೆ ಹೋಗಿದ್ದಳು. ಒಂಬತ್ತೂವರೆಯೂ ಬೆಳಗೇ ಎಂದು ಅವತ್ತು ತನಗೆ ತಾನೇ ಹೇಳಿಕೊಂಡಿದ್ದಳು.

ಬುಧವಾರ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಹೊರಟಳು. ದುರಗವ್ವನ ಮನೆ ಮುಟ್ಟಿದಾಗ ಐದೂಐವತ್ತು. ಓಣಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಹಣೆಗೆ ಹೊಲಿಗೆ ಬಿದ್ದು ಒಂದು ದಿನವೂ ಆಗಿಲ್ಲ, ಆಗಲೇ ಒಲೆಯ ಮುಂದೆ ಕೂತಿದ್ದಾಳಲ್ಲ ಎಂದು ಅವಳಿಗೆ ಸಿಟ್ಟು ಬಂತು. ಬಾಗಿಲು ತೆರೆದೇ ಇತ್ತು. ಬೈಯಲು ಬಾಯಿ ತೆರೆದುಕೊಂಡೇ ಒಳಗೆ ಹೋದಳು.

ಒಲೆಯ ಮುಂದೆ ಇದ್ದವಳು ಸೊಸೆ ಸುವರ್ಣಾ. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಬಲಗೈಯಿಂದ ಬಡಿಯುತ್ತ, ಎಡಗೈಯಿಂದ ರೊಟ್ಟಿಯನ್ನು ತಿರುಗಿಸುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಆಗಲೇ ಎಂಟು ಹತ್ತು ರೊಟ್ಟಿ ಇದ್ದವು.

"ಅತ್ತಿ ಇನ್ನೂ ಎದ್ದಿಲ್ರಿ ಅಕ್ಕಾರ," ಎಂದಳು.

ಎಷ್ಟು ದಿನದಿಂದ ನೀನು ಬಡಿಯುತ್ತಿದ್ದೀ ಎಂದು ಇರಮ್ ಕೇಳಿದಳು. ಸುವರ್ಣಾ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. ಶೀಗಿ ಹುಣ್ಣಿಮೆಯಿಂದ, ಎಂದಳು. ಅತ್ತೆಗೆ ಹಿಟ್ಟು ನಾದುವುದಕ್ಕೂ ಆಗುತ್ತಿರಲಿಲ್ಲ. ಯಾರ ಮುಂದೆಯೂ ಹೇಳಬೇಡ ಎಂದು ಅತ್ತೆಯೇ ಹೇಳಿದ್ದಾಳೆ. ಖಾನಾವಳಿಯವರಿಗೆ ಇನ್ನೂ ಅದು ದುರಗವ್ವನ ಕೈಯ ರೊಟ್ಟಿಯೇ. ಶೀಗಿ ಹುಣ್ಣಿಮೆ ಅಕ್ಟೋಬರ್ ಮೊದಲ ವಾರದಲ್ಲಿತ್ತು. ವಾಚು ಕಟ್ಟಿದ್ದು ನವೆಂಬರಿನಲ್ಲಿ.

"ಮತ್ತ ವಾಚು?" ಎಂದಳು ಇರಮ್.

"ನಾನ ಕಟ್ಕೊಂಡಿದ್ದೆನ್ರಿ. ರೊಟ್ಟಿ ಬಡಿಯೂ ಮುಂದ ವಾಚು ಕೈಯಾಗ ಇರಾಕಬೇಕು ಅಂತ ನೀವ ಹೇಳಿದ್ರೆಲ್ಲ? ರೊಟ್ಟಿ ಮುಗದ ಕೂಡ್ಲೆ ತೊಳದು ಅತ್ತಿ ಕೈಗೆ ಕಟ್ಟತಿದ್ದೆ. ಒಂದ ದಿನಾನೂ ತಪ್ಪಸಿಲ್ರಿ."

ಅವಳ ಮುಖದಲ್ಲಿ ತಪ್ಪು ಮಾಡಿದ ಭಾವ ಇರಲಿಲ್ಲ. ಹೇಳಿದ ಕೆಲಸ ಸರಿಯಾಗಿ ಮಾಡಿದವಳ ಮುಖ ಅದು. ವಾಚು ಕುಣಿತವೆಂದು ಬರೆದುಕೊಂಡದ್ದು ಇಪ್ಪತ್ತೊಂಬತ್ತು ವರ್ಷದ ಆರೋಗ್ಯವಂತ ಹೆಂಗಸೊಬ್ಬಳು ನೂರಿಪ್ಪತ್ತು ರೊಟ್ಟಿ ಬಡಿದದ್ದನ್ನು. ಸೋಮವಾರ ಸುವರ್ಣಾಳಿಗೆ ರೊಟ್ಟಿಯ ಕೆಲಸ ಇರಲಿಲ್ಲ. ಆದ್ದರಿಂದ ವಾಚು ದುರಗವ್ವನ ಕೈಯಲ್ಲೇ ಉಳಿದಿತ್ತು. ಏಳು ದಿನಗಳಲ್ಲಿ ಆ ಒಂದು ಬೆಳಗಿನ ದಾಖಲೆ ಮಾತ್ರ ರೋಗಿಯದು.

ಒಳಕೋಣೆಯಲ್ಲಿ ದುರಗವ್ವ ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದಳು. ಹಣೆಯ ಮೇಲೆ ಬ್ಯಾಂಡೇಜು. ಎಲ್ಲ ಕೇಳಿಸಿಕೊಂಡಿದ್ದಳು. ಮಗ್ಗುಲು ಬದಲಿಸಲು ನೋಡಿದಳು, ಆಗಲಿಲ್ಲ. ಇರಮ್ ಹೆಗಲು ಹಿಡಿದು ತಿರುಗಿಸಿದಳು, ಹಲಗೆಯನ್ನು ತಿರುಗಿಸಿದಂತಿತ್ತು. ಬೆಳಿಗ್ಗೆ ದಿನಾ ಹೀಗೇನಾ ಎಂದು ಕೇಳಿದಳು. ದಿನಾ ಹೀಗೇ. ಗುಳಿಗೆ ಒಂದೂವರೆ ಇದ್ದಾಗ ಆರೂವರೆಯ ಹೊತ್ತಿಗೆ ಗೋಡೆ ಹಿಡಿದು ತಾನೇ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಒಂದಕ್ಕೆ ಇಳಿಸಿದ ಮೇಲೆ ಎಂಟಾದರೂ ಕಾಲು ಮಾತು ಕೇಳುವುದಿಲ್ಲ. ಸೊಸೆ ಒಲೆ ಬಿಟ್ಟು ಬಂದು ಎತ್ತಿಕೊಂಡು ಹೋಗಬೇಕು. ಮಂಗಳವಾರ ಅವಳನ್ನು ಕರೆಯದೆ ತಾನೇ ಹೋಗಲು ಹೋಗಿ ಬಿದ್ದದ್ದು.

"ಮಂದಿಗೆ ರೊಟ್ಟಿ ಮಾಡಿ ಕಳಸೂದು ಸಾಕಾತು. ಅದು ಹೋಗ್ಲಿ," ಎಂದಳು. "ಹಿತ್ತಲಕ್ಕ ಒಬ್ಬಾಕೀನ ಹೋಗಿ ಬರೂದ ಒಂದು ಉಳದಿತ್ತು. ಅದೂ ಹೋತು."

ವಾಚಿನ ಮಾತು ಯಾಕೆ ಮುಚ್ಚಿಟ್ಟಿರಿ ಎಂದು ಇರಮ್ ಕೇಳಿದಳು.

"ಡಾಕ್ಟರಮ್ಮಗ ರೊಟ್ಟಿ ಬಡಿಯೂದು ನೋಡಬೇಕಾಗಿತ್ತು. ಬಡದು ತೋರಸೇವಿ."

"ಅವರಿಗೆ ನಿಮ್ಮ ಕೈ ನೋಡಬೇಕಾಗಿತ್ತು, ಯವ್ವಾ."

"ಕೈ ಐತೇನು ತೋರಸಾಕ?"

ಇರಮ್ ಹಾಸಿಗೆಯ ಪಕ್ಕ ಕೂತಳು. ದುರಗವ್ವ ಒಂದು ಉಪಾಯ ಹೇಳಿದಳು. ರೊಟ್ಟಿಯ ಸುದ್ದಿ ಎತ್ತುವುದೇ ಬೇಡ. ಬಿದ್ದಿದ್ದಾಳೆ, ಹೊಲಿಗೆ ಬಿದ್ದಿವೆ ಎಂದಷ್ಟೇ ಹೇಳಿದರೆ ಡಾಕ್ಟರು ಗುಳಿಗೆ ಮತ್ತೆ ಏರಿಸುತ್ತಾರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ಆ ಉಪಾಯ ಇರಮ್‌ಗೂ ಅನುಕೂಲದ್ದೇ ಆಗಿತ್ತು. ರೊಟ್ಟಿಯ ಮಾತು ಬರದಿದ್ದರೆ ಬೆಳಗಿನ ಭೇಟಿಯ ಮಾತೂ ಬರುವುದಿಲ್ಲ. ಆದರೆ ಲೆಕ್ಕ ಆ ಕಡೆಗೆ ಹೋಗುತ್ತಿರಲಿಲ್ಲ. ಡಾಕ್ಟರ ಬಳಿ ಇರುವುದು ಬೆಳಿಗ್ಗೆ ಮಿತಿಮೀರಿ ಆಡುವ ಕೈಯ ದಾಖಲೆ. ಅದರ ಜತೆಗೆ ಬಿದ್ದ ಸುದ್ದಿ ಸೇರಿದರೆ, ಕುಣಿತದಿಂದಲೇ ಆಯ ತಪ್ಪಿ ಬಿದ್ದಳು ಎಂದು ಅವರು ತಿಳಿಯುತ್ತಾರೆ. ಆಗ ಗುಳಿಗೆ ಏರುವುದಿಲ್ಲ, ಇನ್ನೂ ಅರ್ಧ ಇಳಿಯುತ್ತದೆ. ಇದನ್ನು ಅವಳು ದುರಗವ್ವನಿಗೆ ಎರಡು ಸಲ ಬಿಡಿಸಿ ಹೇಳಿದಳು. ಎರಡನೆಯ ಸಲ ಹೇಳುವಾಗ ಸುವರ್ಣಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅಂದ್ರ ನಾನು ಬಡದ ರೊಟ್ಟಿಗೆ ಅತ್ತಿ ಗುಳಗಿ ಕಡಿಮಿ ಆತೇನ್ರಿ?" ಎಂದಳು.

ಇರಮ್ ಹೌದು ಎನ್ನಬೇಕಾಯಿತು. ಸುವರ್ಣಾ ಒಲೆಯ ಮುಂದೆ ಹೋಗಿ ಕೂತಳು. ತುಂಬ ಹೊತ್ತು ಬಡಿಯುವ ಸದ್ದು ಬರಲಿಲ್ಲ. ದುರಗವ್ವ ಅದನ್ನು ಕೇಳುತ್ತ ಮಲಗಿದ್ದಳು.

"ಆಕಿ ಮ್ಯಾಲೆ ಹಾಕಬ್ಯಾಡ್ರಿ," ಎಂದಳು ಕೊನೆಗೆ. "ಕಟ್ಕೋ ಅಂದಾಕಿ ನಾನು. ಹೇಳೂದಿದ್ರ ನಾನ ಹೇಳತೀನಿ. ಆದ್ರ ಅವರು ಕೇಳಿದ್ರ ಅಷ್ಟ."

ಡಾಕ್ಟರ ಹೊರರೋಗಿ ವಿಭಾಗ ಎರಡಕ್ಕೆ ಮುಗಿಯುತ್ತದೆ. ಎರಡೂವರೆಗೆ ಇರಮ್ ಮನೆಯ ಕಟ್ಟೆಯ ಮೇಲೆ ದುರಗವ್ವನನ್ನು ಕೂಡಿಸಿ ವಿಡಿಯೊ ಕರೆ ಮಾಡಿದಳು. ಮನೆಯೊಳಗೆ ನೆಟ್‌ವರ್ಕ್ ಇರುವುದಿಲ್ಲ, ಕಟ್ಟೆಯ ಬಲತುದಿಯಲ್ಲಿ ಮಾತ್ರ ಸಿಗುತ್ತದೆ. ಮೊದಲು ಅವಳು ತನ್ನ ಮಾತು ಹೇಳಿದಳು: ಬೆಳಗಿನ ಭೇಟಿ ಎಂದು ಗುರುತು ಹಾಕಿದ್ದು ಸುಳ್ಳು, ತಾನು ಹೋದದ್ದು ಒಂಬತ್ತೂವರೆಗೆ.

"ಒಂಬತ್ತೂವರಿಗೆ ಹೋಗಿದ್ದಕ್ಕ ನೋಡೂದು ಏನ್ ತಪ್ಪಿತು? ಅದನ್ನ ಹೇಳ್ರಿ," ಎಂದರು ಡಾಕ್ಟರು.

ಆಗ ಇರಮ್ ಫೋನನ್ನು ದುರಗವ್ವನ ಕಡೆ ಹಿಡಿದಳು. ಡಾಕ್ಟರು ಅವಳನ್ನೇ ಕೇಳಿದಂತಾಯಿತು. ದುರಗವ್ವ ಹೇಳಲು ಸಮಯ ತೆಗೆದುಕೊಂಡಳು. ದನಿ ಕೇಳಿಸದೆ ಡಾಕ್ಟರು ಎರಡು ಕಡೆ ಮತ್ತೆ ಹೇಳಿಸಿದರು. ಶೀಗಿ ಹುಣ್ಣಿಮೆ, ಸೊಸೆಯ ಕೈ, ಬಿಚ್ಚಿ ಕಟ್ಟಿದ ವಾಚು. ಎರಡನೆಯ ಸಲ ಜೋರಾಗಿ ಹೇಳಬೇಕಾಗಿ ಬಂದಾಗ ಪಕ್ಕದ ಮನೆಯ ಜೈನಬಿ ನೀರು ಹಿಡಿಯಲು ಹೊರಗೆ ಬಂದಿದ್ದಳು. ದುರಗವ್ವ ಅವಳನ್ನು ನೋಡಿದಳು. ನೋಡಿಯೂ ನಿಲ್ಲಿಸಲಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು.

"ಮೊದಲ ಸಲ ಬಂದಾಗ ನೀವು ನನ್ನ ಕೈ ನೋಡಿದ್ರಿ, ಕಾಲು ನೋಡಿದ್ರಿ, ಮಾರಿ ಸಣ್ಣದು ಮಾಡಿದ್ರಿ," ಎಂದಳು ದುರಗವ್ವ. "ದಿನಾ ನೂರಿಪ್ಪತ್ತು ರೊಟ್ಟಿ ಬಡೀತೀನಿ ಅಂದ ಮ್ಯಾಲೆ ನಕ್ಕ್ರಿ. ಅವತ್ತು ನೀವು ನಕ್ಕಿದ್ದು ಅದೊಂದಕ್ಕ."

ಡಾ. ಅನ್ನಪೂರ್ಣಾ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೆಲಸದ ಮಾತಿಗೆ ಬಂದರು. ಗುಳಿಗೆಯನ್ನು ಯಾವುದರ ಜತೆ ನುಂಗುತ್ತೀರಿ? ಅರ್ಧ ಲೋಟ ಹಾಲು, ಖಾಲಿ ಹೊಟ್ಟೆ ಬೇಡವೆಂದು. ಅದು ನಾಳೆಯಿಂದ ನಿಲ್ಲಬೇಕು, ಹಾಲು ಈ ಗುಳಿಗೆಯನ್ನು ತಡೆಯುತ್ತದೆ, ನೀರು ಮಾತ್ರ, ಮುಕ್ಕಾಲು ಗಂಟೆ ಕಳೆದ ಮೇಲೆ ಚಹಾ. ಹಳೆಯ ದಾಖಲೆ ಕೆಲಸಕ್ಕೆ ಬಾರದು. ಮತ್ತೆ ವಾಚಿಗಾಗಿ ಕಾಯುವಷ್ಟು ಸಮಯ ಇಲ್ಲ, ಅದು ಈಗ ಬೇರೆಯವರ ಕೈಯಲ್ಲಿದೆ. ಆದ್ದರಿಂದ ನಾಳೆ ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ನಿಮಿಷ, ನುಂಗಿ ಒಂದು ಗಂಟೆಯ ಮೇಲೆ ಎರಡು ನಿಮಿಷ ವಿಡಿಯೊ ಮಾಡಿ ಕಳಿಸಬೇಕು. ಮಗ್ಗುಲು ಬದಲಿಸುವುದು, ಏಳುವುದು, ಕೈ, ಮುಖ ಎಲ್ಲ ಕಾಣಬೇಕು. ಇರಮ್ ತನ್ನ ಹಾಳೆಯನ್ನು ತಿದ್ದಿ, ತಿದ್ದಿದ ತಾರೀಖು ಹಾಕಿ ಲಿಖಿತವಾಗಿ ಕಳಿಸಬೇಕು. ಯೋಜನೆಯ ಸಮಿತಿಯ ಮುಂದೆ ಅದು ಹೋಗುತ್ತದೆ. ತಾಲ್ಲೂಕಿನಲ್ಲಿ ಇದುವರೆಗೆ ವಾಚು ಕಟ್ಟಿಸಿಕೊಂಡ ಉಳಿದ ಹದಿನಾರು ಜನರ ಮನೆಯಲ್ಲೂ ಅದು ಯಾರ ಕೈಯಲ್ಲಿತ್ತು ಎಂದು ಕೇಳಬೇಕು.

ಗುರುವಾರ ಬೆಳಿಗ್ಗೆ ಐದಕ್ಕೆ ಹತ್ತು ನಿಮಿಷ ಇರುವಾಗ ಇರಮ್ ಮತ್ತೆ ಅಲ್ಲಿದ್ದಳು. ದುರಗವ್ವ ಸೊಸೆಯಿಂದ ತಲೆ ಬಾಚಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಇಳಕಲ್ಲ ಸೀರೆ ಉಡಿಸಿಕೊಂಡು ಮಲಗಿದ್ದಳು. ಅತ್ತೆ ತನ್ನನ್ನು ನಾಲ್ಕಕ್ಕೇ ಎಬ್ಬಿಸಿದಳು ಎಂದು ಸುವರ್ಣಾ ಹೇಳಿದಳು.

"ಮದಿವ್ಯಾಗ ಫೋಟೋ ತಗಸಾಕ ಒಲ್ಲೆ ಅಂದಿದ್ಲು," ಎಂದ ಭರಮಪ್ಪ ಹೊರಗಿನಿಂದ. "ಈಗ ಹಾಸಿಗ್ಯಾಗ ಮಲಕ್ಕೊಂಡು ಸಿನಿಮಾ."

ದುರಗವ್ವ ಒಂದೇ ಒಂದು ಕೇಳಿಕೊಂಡಳು. ಮುಖ ಬೇಡ, ಕೈಕಾಲು ತೆಗೆಯಿರಿ. ಮುಖವೂ ಬೇಕು ಎಂದಳು ಇರಮ್. ಈ ಕಾಯಿಲೆ ಮುಖದಲ್ಲೂ ಕಾಣುತ್ತದೆ. ದುರಗವ್ವ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಡಬೇಕು ಎಂದಾಗ ಬಿಟ್ಟಳು. ಎರಡು ನಿಮಿಷದಲ್ಲಿ ಅವಳು ಮಗ್ಗುಲಾಗಲು ಏಳು ಸಲ ಪ್ರಯತ್ನಿಸಿದಳು. ಒಂದು ಸಲವೂ ಆಗಲಿಲ್ಲ. ಸಹಾಯ ಮಾಡಲು ಮುಂದೆ ಬಂದ ಸುವರ್ಣಾಳನ್ನು ಇರಮ್ ಎಡಗೈಯಿಂದ ತಡೆದಳು, ಬಲಗೈಯಲ್ಲಿ ಫೋನು ಅಲ್ಲಾಡಬಾರದಿತ್ತು. ಗುಳಿಗೆ ಒಂದು, ನೀರಿನಲ್ಲಿ. ಆರು ಗಂಟೆಯ ವಿಡಿಯೊದಲ್ಲಿ ದುರಗವ್ವ ಮಗ್ಗುಲಾದಳು, ಏಳಲಿಲ್ಲ.

ಹಾಳೆಯಲ್ಲಿ ಉದ್ಯೋಗ ಎಂಬ ಕಾಲಂ ಹಾಗೇ ಇತ್ತು. ತಿದ್ದುವಾಗ ಅಲ್ಲಿ ಏನು ಬರೆಯಲಿ ಎಂದು ಇರಮ್ ಕೇಳಿದಳು.

"ರೊಟ್ಟಿ ಸೊಸಿ ಬಡೀತಾಳ ಅಂತ ಬರೀರಿ," ಎಂದಳು ದುರಗವ್ವ. "ಹೆಸರು ಹಾಕ್ರಿ. ಸುವರ್ಣಾ."

ಮಧ್ಯಾಹ್ನ ಹುಬ್ಬಳ್ಳಿಯಿಂದ ಉತ್ತರ ಬಂತು. ಶುಕ್ರವಾರದಿಂದ ಐದು ಗಂಟೆಗೆ ಒಂದೂವರೆ, ನೀರಿನ ಜತೆ, ಹಾಸಿಗೆಯಲ್ಲೇ. ಉಳಿದ ಎರಡು ಹೊತ್ತಿನದು ಮೊದಲಿನಂತೆಯೇ. ವಾರದ ಮೇಲೆ ಇರಮ್ ಖುದ್ದಾಗಿ ಬೆಳಗಿನ ಹೊತ್ತು ನೋಡಿ ವರದಿ ಕೊಡಬೇಕು.

ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಇರಮ್ ನಾಲ್ಕೂಮುಕ್ಕಾಲಕ್ಕೆ ಬಂದಳು. ಗುಳಿಗೆ, ನೀರಿನ ತಂಬಿಗೆ ಎರಡೂ ದುರಗವ್ವನ ಕೈಗೆಟುಕುವಲ್ಲಿ ಇದ್ದವು. ಐದಕ್ಕೆ ಅವಳು ನುಂಗಿದಳು. ಇರಮ್ ಅಡುಗೆಮನೆಗೆ ಹೋಗಿ ಸುವರ್ಣಾಳಿಗೆ ಒಂದೇ ಮಾತು ಹೇಳಿದಳು: ಕರೆಯುವ ತನಕ ಏಳಬೇಡ. ಆಮೇಲೆ ಬಂದು ಹಿತ್ತಲ ಬಾಗಿಲಿನ ಪಕ್ಕ, ದುರಗವ್ವನಿಗೆ ಕಾಣದಂತೆ ಕೂತಳು. ತಾನು ಕಂಡರೆ ಅವಳು ಬೇಕೆಂದೇ ಬಿರುಸಾಗಿ ನಡೆಯುತ್ತಾಳೆಂದು ಅವಳಿಗೆ ಗೊತ್ತಿತ್ತು.

ಐದೂಮೂವತ್ತೆಂಟಕ್ಕೆ ಮಂಚ ಕಿರುಗುಟ್ಟಿತು. ಐದೂನಲವತ್ತೊಂದಕ್ಕೆ ಮತ್ತೆ. ಐದೂಐವತ್ತರವರೆಗೆ ಏನೂ ಇಲ್ಲ. ಅಡುಗೆಮನೆಯಲ್ಲಿ ಬಡಿಯುವ ಸದ್ದು ನಡೆದೇ ಇತ್ತು. ಆಮೇಲೆ ಪಾದ ನೆಲಕ್ಕೆ ತಾಗಿದ ಸದ್ದು, ಬಳೆ ಗೋಡೆಗೆ ಉಜ್ಜಿದ ಸದ್ದು. ದುರಗವ್ವ ಕೋಣೆಯಿಂದ ಹೊರಬಂದಳು. ಹೊಸ್ತಿಲ ಬಳಿ ಕಾಲು ಅಂಟಿ ನಿಂತಿತು. ಹೆಜ್ಜೆ ಮುಂದಿಡಲಾಗದೆ ಮೈ ಮಾತ್ರ ಮುಂದೆ ಬಾಗಿತು. ಅಡುಗೆಮನೆಯ ಸದ್ದು ನಿಂತುಹೋಯಿತು. ಇರಮ್ ಅರ್ಧ ಎದ್ದಳು.

ದುರಗವ್ವ ಹೊಸ್ತಿಲ ಚೌಕಟ್ಟು ಹಿಡಿದು ನೆಟ್ಟಗಾದಳು. ಒಂದು, ಎರಡು ಎಂದು ತುಟಿಯೊಳಗೆ ಎಣಿಸಿದಳು, ಬಲಗಾಲು ಎತ್ತಿದಳು, ದಾಟಿದಳು. ಇರಮ್‌ಳನ್ನು ನೋಡದೆ ಹಿತ್ತಲಿಗೆ ಇಳಿದಳು. ಒಗೆಯುವ ಕಲ್ಲಿನಿಂದ ದೂರ ಸರಿದು, ಗೋಡೆಯ ಪಕ್ಕದಿಂದ ಹೋಗಿ ಶೌಚಾಲಯದ ತಗಡಿನ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಚಿಲಕ ಬೇಡವೆಂದು ಇರಮ್ ಹಿಂದಿನ ವಾರವೇ ಹೇಳಿದ್ದಳು. ಈಗ ಅದನ್ನು ಕೂಗಿ ಹೇಳಲು ಹೋಗಲಿಲ್ಲ.

ಆರು ಗಂಟೆ ಒಂಬತ್ತು ನಿಮಿಷಕ್ಕೆ ಚಿಲಕ ತೆರೆಯಿತು. ದುರಗವ್ವ ಹೋದ ದಾರಿಯಲ್ಲೇ ಹಿಂದಿರುಗಿ, ಹೊಸ್ತಿಲು ದಾಟಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸುವರ್ಣಾ ಹಿಟ್ಟಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದಳು. ಹಂಚಿನಿಂದ ಹೊಗೆ ಏಳುತ್ತಿತ್ತು.

"ರೊಟ್ಟಿ ಹೊತ್ತಾಕತ್ತೈತಿ," ಎಂದಳು ದುರಗವ್ವ. "ನನ್ನೇನ್ ನೋಡತಿ?"